ಬೇಕರಿ ತಿರುವಿಗೆ ಹೋದ ಪೆಟ್ಟಿಗೆ

ಮತ್ತಿಕೆರೆಯಲ್ಲಿ ನನಗೆ ಬ್ಲೌಸ್ ಹೊಲಿದುಕೊಡುವ ಹೆಂಗಸಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಆಕೆಯ ಅಂಗಡಿ ಕಾಲೇಜು ಹುಡುಗರ ಪಿ.ಜಿ.ಗಳ ಹಿಂದಿದೆ. ಎದುರುಬದುರು ಸ್ಕೂಟರ್ ಬಂದರೆ ಒಂದು ನಿಲ್ಲಲೇಬೇಕು, ಅಷ್ಟು ಇಕ್ಕಟ್ಟಾದ ಗಲ್ಲಿ. ರಸ್ತೆಗೆ ಮತ್ತೆ ಮತ್ತೆ ಡಾಂಬರು ಹಾಕಿ ಹಾಕಿ ಅದು ಎತ್ತರವಾಗಿ, ಅಂಗಡಿ ತಗ್ಗಿಗೆ ಬಿದ್ದಿದೆ. ಒಳಗೆ ಹೋಗಲು ಮೆಟ್ಟಿಲಿಳಿಯಬೇಕು. ಗಿರಾಕಿಗಳ ಜೊತೆ ಆಕೆ ಮಾತಾಡುವುದು ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಲ್ಲಿ. ಕಟಿಂಗ್ ಟೇಬಲ್ಲಿನ ಮೇಲೆ ‘ತೋಳು ಉದ್ದ?’ ಎಂದು ಬರೆಯುತ್ತಾಳೆ, ನಾವು ಅದರ ಕೆಳಗೆ ಉತ್ತರ ಬರೆಯುತ್ತೇವೆ, ಆಕೆ ಅಂಗೈಯಿಂದ ಒರೆಸಿಬಿಡುತ್ತಾಳೆ. ಗಂಡನಿಗೆ ಕಿವಿ ಕೇಳುತ್ತದೆ. ಆತ ಬೆಳಗಿನ ಹೊತ್ತು ಯಶವಂತಪುರದಲ್ಲಿ ಈರುಳ್ಳಿ ಮಂಡಿಯ ಕೆಲಸ ಮುಗಿಸಿ, ಸಂಜೆ ಅಂಗಡಿಯಲ್ಲಿ ಹುಕ್ಕು, ಗುಂಡಿ ಹಾಕುತ್ತಾ ಕೂತಿರುತ್ತಾನೆ.

ನಾನಿರುವುದು ಅಲ್ಲಿಂದ ನಡೆದುಹೋಗುವಷ್ಟು ದೂರದ ಒಂದು ಅಪಾರ್ಟ್‌ಮೆಂಟಿನಲ್ಲಿ. ಕೆಲಸ ಒಂದು ಮೊಬೈಲ್ ಕಂಪನಿಯಲ್ಲಿ. ಈ ಕಡೆಯ ಯಾವ ಬೀದಿಯಲ್ಲಿ ನೆಟ್‌ವರ್ಕ್ ಉಸಿರುಗಟ್ಟುತ್ತಿದೆ, ಅದಕ್ಕೆ ಏನು ಮಾಡಬೇಕು ಎಂದು ಮ್ಯಾಪಿನ ಮುಂದೆ ಕೂತು ನೋಡುವುದು ನನ್ನ ಪಾಲಿನ ಕೆಲಸ. ಬಣ್ಣಗಳಲ್ಲಿ ನೋಡುತ್ತೇವೆ. ಕೆಂಪಿದ್ದರೆ ಕಷ್ಟ, ಹಸಿರಿದ್ದರೆ ನೆಮ್ಮದಿ. ಸಂಜೆಯಾದರೆ ಮತ್ತಿಕೆರೆ ಕೆಂಪಗಾಗುತ್ತಿತ್ತು. ಕಾಲೇಜು ಬಿಟ್ಟು ಬಂದ ಹುಡುಗರು ರೂಮಿನಲ್ಲಿ ಕಾಲು ಚಾಚಿ ಫೋನು ತೆರೆದರೆಂದರೆ, ಮೇನ್ ರೋಡಿನ ಒಂದು ದೊಡ್ಡ ಟವರ್ ಅಷ್ಟೂ ಜನರನ್ನು ಹೊರಲಾಗದೆ ಒದ್ದಾಡುತ್ತಿತ್ತು.

ಹಾಗೆ ಒದ್ದಾಡುವುದೆಂದರೆ ಏನು ಎಂದು ನಾನು ಕಣ್ಣಾರೆ ಕಂಡದ್ದು ಆ ಅಂಗಡಿಯಲ್ಲಿ. ಒಂದು ಸಂಜೆ ಅಳತೆ ಕೊಡಲು ಹೋಗಿದ್ದೆ. ಆಕೆಯ ಫೋನಿನ ಪರದೆ ಮಿನುಗಿತು. ಚಿಕ್ಕಜಾಲದಿಂದ ಅವಳ ಅಮ್ಮನ ವಿಡಿಯೋ ಕಾಲ್. ಆಕೆ ಟೇಪನ್ನು ನನ್ನ ಹೆಗಲ ಮೇಲೇ ಬಿಟ್ಟು ಮೆಟ್ಟಿಲು ಹತ್ತಿ ಓಡಿದಳು. ಹೋಗಿ ನೋಡಿದರೆ ಗಲ್ಲಿಯ ಬಾಯಲ್ಲಿ, ಟ್ರಾನ್ಸ್‌ಫಾರ್ಮರ್ ಪಕ್ಕ ನಿಂತು, ಒಂದು ಕೈಯಲ್ಲಿ ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಮಾತಾಡುತ್ತಿದ್ದಳು. ಪರದೆಯಲ್ಲಿ ಅಮ್ಮನ ಮುಖ ಚೂರು ಚೂರು ಚೌಕಗಳಾಗಿತ್ತು. ಅಮ್ಮ ಎತ್ತಿದ ಕೈ ಹಾಗೇ ನಿಂತುಬಿಡುತ್ತಿತ್ತು. ಮತ್ತೆ ಕಾಣಿಸಿಕೊಳ್ಳುವಾಗ ಆ ಕೈ ಬೇರೆಲ್ಲೋ ಇರುತ್ತಿತ್ತು. ನಡುವಿನ ಮಾತು ಕಳೆದುಹೋಗಿರುತ್ತಿತ್ತು.

ಗಂಡ ಹಿಂದಿನಿಂದ ಬಂದು ಹೇಳಿದ: “ದಿನಾ ಇದೇ ಗೋಳು ಮೇಡಂ. ನಾವಾದ್ರೆ ವಾಯ್ಸ್ ಕಾಲ್ ಮಾಡ್ಕೋತೀವಿ. ಇವ್ಳಿಗೆ ಪಿಕ್ಚರ್ ಹೋದ್ರೆ ಮಾತೇ ಹೋಯ್ತು.”

“ಮೆಸೇಜ್ ಮಾಡಬಹುದಲ್ವಾ?”

“ಅತ್ತೆಗೆ ಓದೋಕೆ ಬರಲ್ಲ. ಇವ್ಳ ಜೊತೆ ಮಾತಾಡೋ ಭಾಷೆನೂ ಅವ್ರೇ ಮಾಡ್ಕೊಂಡಿದ್ದು. ಸ್ಕೂಲಲ್ಲಿ ಹೇಳ್ಕೊಡೋ ಥರದ್ದಲ್ಲ. ನಂಗೇ ಅರ್ಧ ಅರ್ಥ ಆಗಲ್ಲ.”

ಅಮ್ಮ ಮಗಳು ಸೇರಿ ಹೊಲದ ಬದುವಿನಲ್ಲಿ, ಒಲೆಯ ಮುಂದೆ ಕಟ್ಟಿಕೊಂಡ ಭಾಷೆ ಅದು. ಅಪ್ಪ ಎನ್ನಲು ಮೀಸೆ ತಿರುವಬೇಕು. ಬೇಜಾರು ಎನ್ನಲು ಎರಡೂ ಕೈಯಲ್ಲಿ ಒದ್ದೆ ಬಟ್ಟೆ ಹಿಂಡಬೇಕು. ಊರು ಎನ್ನಲು ತಲೆಯ ಮೇಲೆ ವಿಮಾನ ಹಾರಿಸಬೇಕು. ಊರ ಪಕ್ಕ ಏರ್‌ಪೋರ್ಟ್ ಬಂದ ಮೇಲೆ ಸೇರಿದ ಪದವಂತೆ ಅದು.

ಅಂಗಡಿಗೆ ಬ್ರಾಡ್‌ಬ್ಯಾಂಡ್ ಹಾಕಿಸಿಕೊಳ್ಳಬಹುದಿತ್ತಲ್ಲ ಎಂದು ಯಾರಿಗಾದರೂ ಅನ್ನಿಸೀತು. ನನಗೂ ಅನ್ನಿಸಿತ್ತು, ಕೇಳಿಯೂ ಇದ್ದೆ. ಅಂಗಡಿ ಬಾಡಿಗೆಯದು, ಗೋಡೆ ಕೊರೆದು ವೈರ್ ಎಳೆಯಲು ಮಾಲೀಕರು ಒಪ್ಪುತ್ತಿರಲಿಲ್ಲ.

ನಾನು ಎಲ್ಲಿ ಕೆಲಸ ಮಾಡುತ್ತೇನೆಂದು ಗಂಡ ಹೇಳಿರಬೇಕು. ಮುಂದಿನ ಸಲ ಹೋದಾಗ ಆಕೆ ನನ್ನ ಬ್ಲೌಸಿನ ವಿಷಯ ಎತ್ತಲೇ ಇಲ್ಲ. ಟೇಬಲ್ಲಿನ ಮೇಲೆ ದೊಡ್ಡದಾಗಿ ಬರೆದಳು: ‘ಅಕ್ಕ, ನೆಟ್ ಸರಿ ಮಾಡಿ.’

ನನಗೆ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ, ನನ್ನ ಕೆಲಸದ ಬಗ್ಗೆ ಅಷ್ಟು ನೇರವಾಗಿ ಯಾರೂ ಏನೂ ಕೇಳಿರಲಿಲ್ಲ. ಮತ್ತು ಆ ಹೊತ್ತಿಗೆ ಮತ್ತಿಕೆರೆಗೆ ನಮ್ಮ ಹತ್ತಿರ ಒಂದು ಉಪಾಯವೂ ಇತ್ತು. ದೊಡ್ಡ ಟವರ್ ಮೇಲಿನ ಹೊರೆ ಇಳಿಸಲು ಅಲ್ಲಲ್ಲಿ ಬೀದಿದೀಪದ ಕಂಬಗಳಿಗೆ ಸ್ಮಾಲ್ ಸೆಲ್ ಹಾಕುವವರಿದ್ದೆವು. ಬಿಸ್ಕತ್ ಡಬ್ಬದಷ್ಟು ದೊಡ್ಡ ಪೆಟ್ಟಿಗೆ. ಸುತ್ತಲಿನ ಕೆಲವು ಮನೆಗಳ ಡೇಟಾವನ್ನು ಅದೇ ನೋಡಿಕೊಳ್ಳುತ್ತದೆ, ಟವರಿಗೆ ಅಷ್ಟು ಭಾರ ಕಡಿಮೆ. ಗಂಡನಿಗೆ ಹೀಗೆ ಹೇಳಿದೆ: “ಇಡೀ ಲೇಔಟ್‌ಗೆ ಒಂದೇ ನಲ್ಲಿ ಇದೆ ಅಂದ್ಕೊಳ್ಳಿ. ಈಗ ಗಲ್ಲಿಗೊಂದು ಸಣ್ಣ ನಲ್ಲಿ ಹಾಕ್ತೀವಿ.” ಆತ ಕೈಯಲ್ಲಿ ನಲ್ಲಿ ತಿರುಗಿಸಿ ತೋರಿಸಿದ. ಆಕೆ ನಕ್ಕಳು. ‘ಯಾವಾಗ?’ ಎಂದು ಬರೆದಳು. ನಾನು ‘ಬೇಗ’ ಎಂದು ಬರೆದು, ಗಲ್ಲಿಯೊಳಗಿನ ಕಂಬವನ್ನು ಬಾಗಿಲಿಂದಲೇ ತೋರಿಸಿದೆ.

ಆ ಕಂಬ ಒಬ್ಬ ಹಿರಿಯರ ಮನೆ ಮುಂದಿತ್ತು. ಮತ್ತಿಕೆರೆ ಹಳ್ಳಿಯಾಗಿದ್ದ ಕಾಲದಿಂದ ಅಲ್ಲಿದ್ದವರು. ಈಗ ಪಿ.ಜಿ.ಗಳು ನಿಂತಿರುವ ಕಡೆಯೆಲ್ಲ ಅವರ ರಾಗಿ ಹೊಲವಿತ್ತಂತೆ. ಕಂಬ ಪಾಲಿಕೆಯದು, ಪರ್ಮಿಶನ್ ನಮ್ಮ ಹತ್ತಿರ ಇತ್ತು. ಆದರೆ ಎದುರು ಮನೆಯವರು ಬೇಡವೆಂದರೆ ಹುಡುಗರು ಏಣಿ ಹಾಕುವುದಿಲ್ಲ. ಜಗಳವಾಗುತ್ತದೆ, ಜನ ಸೇರುತ್ತಾರೆ. ಹಾಗಾಗಿ ಮೊದಲೇ ಒಂದು ಮಾತು ಕೇಳುವುದು ವಾಡಿಕೆ. ನಾನೇ ಹೋದೆ.

ಅವರು ಗೇಟಿನೊಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ವಿಷಯ ಹೇಳಿದೆ.

“ಬೇಡಮ್ಮ,” ಎಂದರು. “ನಮ್ಮನೆ ಮುಂದೆ ಬೇಡ. ರೇಡಿಯೇಶನ್ ಬರುತ್ತೆ.”

“ಇದು ತುಂಬಾ ಸಣ್ಣದು ಅಂಕಲ್. ಟವರ್ ಥರ ಅಲ್ಲ. ಪವರ್ ಕಡಿಮೆ.”

“ನಮ್ ಮನೆಯೋರು ಕ್ಯಾನ್ಸರಲ್ಲಿ ಹೋದ್ರು ಕಣಮ್ಮ. ಕಿದ್ವಾಯಿ ಆಸ್ಪತ್ರೆಗೆ ಓಡಾಡಿ ಓಡಾಡಿ... ಕೂತ್ಕೊಳಿ, ಹೇಳ್ತೀನಿ.”

ಪಕ್ಕದ ಕುರ್ಚಿಯ ಮೇಲಿದ್ದ ಪೇಪರ್ ಎತ್ತಿ ಜಾಗ ಮಾಡಿದರು. ನಾನು ಕೂರಲಿಲ್ಲ. ಆಫೀಸಿನಿಂದ ಫೋನ್ ಬರುತ್ತಿತ್ತು. ಆ ವಾರದೊಳಗೆ ಎಲ್ಲ ಜಾಗಗಳೂ ಅಂತಿಮವಾಗಬೇಕೆಂದು ಮೇಲಿನವರ ಒತ್ತಡ ಬೇರೆ. ಆದರೆ ಕಾರಣ ಅದಲ್ಲ. ಹೆಂಡತಿಯನ್ನು ಕಳೆದುಕೊಂಡವರ ಕತೆ ಉದ್ದವಿರುತ್ತದೆ, ಕೇಳುತ್ತಾ ಮುಖ ಹೇಗಿಟ್ಟುಕೊಳ್ಳಬೇಕೋ ತಿಳಿಯುವುದಿಲ್ಲ, ಕೇಳಿದ ಮೇಲೆ ಮತ್ತೆ ಪೆಟ್ಟಿಗೆಯ ವಿಷಯ ಎತ್ತಲು ನಾಚಿಕೆಯಾಗುತ್ತದೆ. ಇದೆಲ್ಲ ಆ ಕ್ಷಣದಲ್ಲೇ ತಲೆಯಲ್ಲಿ ಹಾದುಹೋಯಿತು. “ಇನ್ನೊಂದ್ಸಲ ಬರ್ತೀನಿ ಅಂಕಲ್,” ಎಂದು ಹೊರಟುಬಿಟ್ಟೆ.

ಇನ್ನೊಂದು ಸಲ ಹೋಗಲಿಲ್ಲ. ಸೀಟಿಗೆ ಬಂದು ಮ್ಯಾಪ್ ತೆರೆದೆ. ಗಲ್ಲಿಯೊಳಗಿನ ಕಂಬದ ಸುತ್ತ ತೆಳು ಹಸಿರಿತ್ತು. ಡೇಟಾ ಬಳಸುವವರು ಕಮ್ಮಿ. ಪಿ.ಜಿ.ಗಳೆಲ್ಲ ಕೂಡುವ ಬೇಕರಿ ತಿರುವಿನ ಕಂಬದ ಸುತ್ತ ಕಡುಗೆಂಪು. ಪೆಟ್ಟಿಗೆಯ ಗುರುತನ್ನು ಗಲ್ಲಿಯಿಂದ ಎತ್ತಿ ಬೇಕರಿ ತಿರುವಿಗೆ ಇಟ್ಟೆ. ಯಾರೂ ಪ್ರಶ್ನೆ ಕೇಳಲಿಲ್ಲ. ಕೇಳಿದ್ದರೂ ಉತ್ತರ ಸಿದ್ಧವಿತ್ತು, ಅದು ಸರಿಯಾದ ಉತ್ತರವೇ ಆಗಿತ್ತು. ಗಲ್ಲಿ ಹಸಿರಾಗಿ ಕಾಣುತ್ತಿದ್ದದ್ದು ಅಲ್ಲಿ ನೆಟ್ ಚೆನ್ನಾಗಿದ್ದುದಕ್ಕಲ್ಲ, ಅಲ್ಲಿನವರು ಪ್ರಯತ್ನಿಸುವುದನ್ನೇ ಬಿಟ್ಟಿದ್ದರಿಂದ ಎಂದು ನನಗೆ ಗೊತ್ತಿತ್ತು. ಟ್ರಾನ್ಸ್‌ಫಾರ್ಮರ್ ಪಕ್ಕ ಕೈ ಎತ್ತಿ ನಿಂತವಳನ್ನು ನಾನೇ ನೋಡಿದ್ದೆನಲ್ಲ.

ಬೇಕರಿ ತಿರುವಿನಲ್ಲಿ ಪೆಟ್ಟಿಗೆ ಬಂತು. ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಹುಡುಗರ ಹೊರೆಯನ್ನೆಲ್ಲ ಅದು ಎತ್ತಿಕೊಂಡಿತು, ದೊಡ್ಡ ಟವರ್ ಸ್ವಲ್ಪ ಉಸಿರಾಡಿತು. ಆಫೀಸಿನಲ್ಲಿ ನನ್ನ ಬೆನ್ನು ತಟ್ಟಿದರು. ಟವರ್ ಹಗುರಾದ್ದರಿಂದ ಗಲ್ಲಿಗೂ ಒಂದು ಗುಟುಕು ಸಿಕ್ಕಿತು. ಈಗ ಅಮ್ಮನ ಕಾಲ್ ಬಂದರೆ ಆಕೆ ರಸ್ತೆಗೆ ಓಡಬೇಕಿರಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕೂತರೆ ಸಾಕು, ಚಿತ್ರ ಬರುತ್ತಿತ್ತು, ಹೋಗುತ್ತಿತ್ತು, ತಡವರಿಸುತ್ತಿತ್ತು, ಮತ್ತೆ ಬರುತ್ತಿತ್ತು.

ಆಕೆಗೆ ಅದೇ ದೊಡ್ಡದಾಯಿತು. ನಾನು ಹೋದಾಗ ಎದ್ದು ಬಂದು ಎರಡೂ ಕೈ ಹಿಡಿದುಕೊಂಡಳು. ಬೇಕರಿ ಕಡೆಗೆ ಬೆರಳು ತೋರಿಸಿ, ನನ್ನ ಎದೆ ತೋರಿಸಿ, ಕೈ ಮುಗಿದಳು. ಜರಿ ಅಂಚಿನ ಚೂರುಗಳನ್ನು ಜೋಡಿಸಿ ಹೊಲಿದ ಒಂದು ಕೈಚೀಲ ಕೊಟ್ಟಳು. ‘ಗಲ್ಲಿ ಕಂಬ?’ ಎಂದು ಬರೆದಳು. ದೂರಿನ ಧಾಟಿಯಲ್ಲಲ್ಲ, ಸುಮ್ಮನೆ ಕೇಳುವ ಹಾಗೆ. ನಾನು ಚಾಕ್‌ಪೀಸ್ ತಗೊಂಡು ‘ಮನೆಯವರು ಬೇಡ ಅಂದರು’ ಎಂದು ಬರೆದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆಕೆ ತಲೆಯಾಡಿಸಿ ಒರೆಸಿದಳು. ಚೀಲ ತಗೊಂಡು ಮನೆಗೆ ಬಂದೆ. ಅದನ್ನು ಈವರೆಗೆ ಹೊರಗೆ ಒಯ್ದಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಅಂಗಡಿಗೆ ಹೋದರೆ ಶಟರ್ ಹಾಕಿತ್ತು. ಆಮೇಲೂ ಕೆಲವು ದಿನ ಹಾಗೇ ಇತ್ತು. ತೆರೆದಾಗ ಗಂಡ ಒಬ್ಬನೇ ಕೂತಿದ್ದ.

“ಅತ್ತೆಗೆ ಸ್ಟ್ರೋಕ್ ಆಯ್ತು ಮೇಡಂ. ಬೆಳಗ್ಗೆ ನೀರು ಹಿಡಿಯೋಕೆ ಹೋಗಿ ನಲ್ಲಿ ಹತ್ರ ಬಿದ್ಬಿಟ್ರು. ಪ್ರಾಣಕ್ಕೇನಿಲ್ಲ ಅಂದವ್ರೆ. ಬಲಗೈ, ಬಲಗಾಲು ಬರ್ತಿಲ್ಲ. ಯಲಹಂಕದಲ್ಲಿ ಆಸ್ಪತ್ರೇಲಿ ಇಟ್ಟಿದೀವಿ. ಇವ್ಳು ಅಲ್ಲೇ ಅವ್ಳೆ.”

ಏನೋ ಸಮಾಧಾನದ ಮಾತು ಹೇಳಿದೆ. ಆತ ಕೇಳಿಸಿಕೊಳ್ಳುವವನ ಹಾಗಿರಲಿಲ್ಲ. ಕೈಯಲ್ಲಿದ್ದ ಹುಕ್ಕನ್ನು ಸೂಜಿಗೆ ಪೋಣಿಸುತ್ತಾ, ತೆಗೆಯುತ್ತಾ ಇದ್ದ.

“ಹಿಂದಿನ ಸಂಜೆ ಫೋನ್ ಮಾಡಿದ್ರು ಮೇಡಂ. ಕೈ ತಡೆದು ತಡೆದು ಆಡಿಸ್ತಿದ್ರು. ಅರ್ಧಕ್ಕೆ ಎತ್ತೋರು, ನಿಲ್ಸೋರು, ಬಿಡೋರು. ನಾನೂ ನೋಡ್ದೆ. ದಿನಾ ಹಂಗೇ ಕಾಣ್ತಿತ್ತಲ್ಲ, ನೆಟ್ ಸ್ಟ್ರಕ್ ಆಗ್ತಿದೆ ಅಂದ್ಕೊಂಡ್ವಿ. ಇವ್ಳು ‘ನಾಳೆ ಮಾಡು, ಸರಿಯಾಗಿ ಕಾಣ್ತಿಲ್ಲ’ ಅಂತ ಸನ್ನೆ ಮಾಡಿ ಕಟ್ ಮಾಡಿದ್ಲು.”

ಸೂಜಿ ಕೆಳಗಿಟ್ಟ.

“ಆವತ್ತು ನೆಟ್ ಚೆನ್ನಾಗೇ ಇತ್ತೇನೋ ಮೇಡಂ. ಕೈನೇ ಹಂಗೆ ಬರ್ತಿತ್ತೇನೋ. ಡಾಕ್ಟ್ರು ಕೇಳಿದ್ರು, ಹಿಂದಿನ ದಿನ ಏನಾದ್ರೂ ಗೊತ್ತಾಯ್ತಾ ಅಂತ. ಏನಂತ ಹೇಳೋದು?”

ನಾನು ಆ ತಗ್ಗಿನ ಅಂಗಡಿಯಲ್ಲಿ ನಿಂತಿದ್ದೆ. ಮೇಲೆ ರಸ್ತೆಯಲ್ಲಿ ಓಡಾಡುವವರ ಕಾಲುಗಳು ಕಾಣುತ್ತಿದ್ದವು. ಅದು ನೆಟ್ ಆಗಿತ್ತೋ ಕೈ ಆಗಿತ್ತೋ ನನಗೂ ಗೊತ್ತಿಲ್ಲ, ಯಾರಿಗೂ ಎಂದೂ ಗೊತ್ತಾಗುವುದಿಲ್ಲ. ಆದರೆ ಎದುರಿನ ಕಂಬದಲ್ಲಿ ಆ ಪೆಟ್ಟಿಗೆ ಇದ್ದಿದ್ದರೆ ಚಿತ್ರ ತಡವರಿಸುತ್ತಿರಲಿಲ್ಲ, ತಡವರಿಸಿದ್ದು ಅಮ್ಮನ ಕೈಯೇ ಆಗಿದ್ದರೆ ಮಗಳಿಗೆ ಅದು ಆ ಕ್ಷಣವೇ ತಿಳಿಯುತ್ತಿತ್ತು. ಚಿಕ್ಕಜಾಲದಿಂದ ಯಲಹಂಕದ ಆಸ್ಪತ್ರೆ ಎಷ್ಟು ದೂರ? ಆ ಸಂಜೆಯೇ ಕರೆದೊಯ್ಯುತ್ತಿದ್ದರು.

ಆಸ್ಪತ್ರೆಗೆ ಹೋದೆ. ಮಗಳು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಅಮ್ಮನ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಬಿಟ್ಟರೆ ಅವು ಮತ್ತೆ ಮಡಚಿಕೊಳ್ಳುತ್ತಿದ್ದವು. ಆ ಭಾಷೆಯಲ್ಲಿ ಮಗಳಿಗೊಂದು ಹೆಸರಿತ್ತು. ಚಿಕ್ಕವಳಿದ್ದಾಗ ಹಾಕುತ್ತಿದ್ದ ಎರಡು ಜಡೆಗಳನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಂತೆ ಮಾಡಿದರೆ ಅದು ಅವಳ ಹೆಸರು. ಅಮ್ಮ ಕಣ್ಣು ತೆರೆದು ಮಗಳನ್ನು ಕರೆಯಲು ಎಡಗೈ ಎತ್ತಿ, ಇಲ್ಲದ ಜಡೆಯೊಂದನ್ನು ಎಳೆದರು. ಬಲಗೈ ಹೊದಿಕೆಯ ಮೇಲೇ ಇತ್ತು. ಮಗಳು ಮುಖ ಆಚೆ ತಿರುಗಿಸಿದಳು. ನನ್ನ ಕಡೆ ನೋಡಿ, ಗುರುತು ಹಿಡಿದು, ಎದ್ದು ತನ್ನ ಸ್ಟೂಲನ್ನೇ ನನಗೆ ಕೊಟ್ಟಳು.

ಮರುದಿನ ಸಂಜೆ ಆ ಹಿರಿಯರ ಗೇಟು ತೆಗೆದೆ. ಅವರಿಗೆ ನನ್ನ ನೆನಪಿತ್ತು. ಈ ಸಲ ಹೇಳುವ ಮೊದಲೇ ಕೂತೆ. ಅವರು ಹೆಂಡತಿಯ ಕತೆ ಹೇಳಿದರು. ನಾನು ಹೆದರಿದಷ್ಟು ಉದ್ದವಿರಲಿಲ್ಲ. ಕಾಫಿ ಆರುವ ಮೊದಲೇ ಮುಗಿಯಿತು. ಆಮೇಲೆ ನಾನು ಎದುರು ಅಂಗಡಿಯ ಹೆಂಗಸಿನ ವಿಷಯ ಹೇಳಿದೆ.

“ಆ ಟೈಲರ್ ಹುಡ್ಗೀಗಾ?” ಎಂದರು. “ನಮ್ಮನೇವ್ಳ ಬ್ಲೌಸೆಲ್ಲ ಅವ್ಳೇ ಹೊಲಿತಿದ್ದಿದ್ದು. ಕೊನೇಲಿ ಮೈ ಇಳಿದುಹೋದಾಗ ಮನೆಗೇ ಬಂದು ಅಳತೆ ತಗೊಂಡು ಚಿಕ್ಕದು ಮಾಡ್ಕೊಡೋಳು. ಅವ್ಳಿಗೋಸ್ಕರ ಅಂತ ಮೊದ್ಲೇ ಹೇಳಿದ್ರೆ ನಾನ್ಯಾಕಮ್ಮ ಬೇಡ ಅಂತಿದ್ದೆ? ಹಾಕ್ಕೊಳ್ಳಿ.”

ಅಷ್ಟೇ. ಒಂದು ಕಾಫಿಯ ಕೆಲಸವಾಗಿತ್ತು ಅದು.

ಅವರು ಅಲ್ಲಿಗೆ ಬಿಡಲಿಲ್ಲ. ಟವೆಲ್ ಹೆಗಲಿಗೆ ಹಾಕಿಕೊಂಡು ನನ್ನ ಹಿಂದೆಯೇ ಗಲ್ಲಿ ದಾಟಿ ಅಂಗಡಿಗೆ ಬಂದರು. ಬಟ್ಟೆ ತಗೊಂಡು ಹೋಗಲು ಆಕೆ ಆಸ್ಪತ್ರೆಯಿಂದ ಬಂದಿದ್ದಳು, ಗಂಡನೂ ಇದ್ದ. ಹಿರಿಯರು ಮೆಟ್ಟಿಲ ಮೇಲೆಯೇ ನಿಂತು ಗಂಡನಿಗೆ ಹೇಳಿದರು: “ನಿನ್ ಹೆಂಡ್ತಿಗೆ ಹೇಳಪ್ಪ. ಇವ್ರು ಮುಂಚೇನೇ ಬಂದು ಕೇಳಿದ್ರು, ನಾನೇ ಬೇಡ ಅಂದ್ಬಿಟ್ಟೆ. ನಂಗೆ ಗೊತ್ತಾಗ್ಲಿಲ್ಲ. ತಪ್ಪು ನಂದು ಅಂತ ಹೇಳು.”

ಗಂಡ ಕೈಸನ್ನೆಯಲ್ಲಿ ಹೇಳತೊಡಗಿದ. ಆ ಮುದುಕರು ಕೈ ಮುಗಿದು ನಿಂತಿದ್ದರು. ಒಂದು ಗಳಿಗೆ ನಾನು ಸುಮ್ಮನಿದ್ದೆ. ಸುಮ್ಮನಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು, ಅದೂ ಗೊತ್ತಿತ್ತು.

“ಹಂಗಲ್ಲ,” ಎಂದೆ. “ಅವ್ರು ಕೂತ್ಕೊಂಡು ಮಾತಾಡಿ ಅಂದಿದ್ರು. ನಾನು ಕೂರ್ಲಿಲ್ಲ. ಇನ್ನೊಂದ್ಸಲ ಬರ್ತೀನಿ ಅಂದೆ, ಬರ್ಲಿಲ್ಲ. ಇಲ್ಲಿದ್ದಿದ್ದನ್ನ ಬೇಕರಿ ಹತ್ರ ಹಾಕ್ಸಿದ್ದು ನಾನೇ.”

ಗಂಡ ನನ್ನನ್ನು ನೋಡಿದ. “ಹೋಗ್ಲಿ ಬಿಡಿ ಮೇಡಂ,” ಎಂದ.

“ಇಲ್ಲ, ಹೇಳಿ ಅವ್ರಿಗೆ.”

ಹೇಳಿದ. ಆತನ ಕೈಗಳು ಕೂತವು, ಎದ್ದವು, ಬೇಕರಿ ಕಡೆ ತೋರಿಸಿದವು. ಎಷ್ಟು ಹೇಳಿದನೋ, ಎಷ್ಟು ಉಳಿಸಿಕೊಂಡನೋ ನನಗೆ ತಿಳಿಯದು. ಆಕೆ ಗಂಡನ ಕೈಗಳನ್ನು ನೋಡುತ್ತಿದ್ದವಳು ನನ್ನ ಮುಖಕ್ಕೆ ಕಣ್ಣು ತಂದಳು. ಕೋಪವಿದ್ದಿದ್ದರೆ ಒಳ್ಳೆಯದಿತ್ತು. ಬೀದಿಯಲ್ಲಿ ಯಾರನ್ನೋ ಪರಿಚಯದವರೆಂದು ತಿಳಿದು ಹತ್ತಿರ ಹೋದ ಮೇಲೆ ಅಲ್ಲವೆಂದು ಗೊತ್ತಾದಾಗ ನೋಡುತ್ತೇವಲ್ಲ, ಹಾಗೆ ನೋಡಿದಳು. ಆಮೇಲೆ ಚಾಕ್‌ಪೀಸ್ ಎತ್ತಿಕೊಂಡು ಬರೆದಳು: ‘ಯಾವಾಗ ಹಾಕ್ತೀರ?’

ಈ ಸಲ ‘ಬೇಗ’ ಎಂದು ಬರೆಯಲು ಧೈರ್ಯ ಬರಲಿಲ್ಲ. ‘ಹಾಕಿಸಿ ಬಂದು ಹೇಳುತ್ತೇನೆ’ ಎಂದು ಬರೆದೆ.

ಆಫೀಸಿನಲ್ಲಿ ಸುಲಭವಾಗಲಿಲ್ಲ. ಹಸಿರಿರುವ ಜಾಗಕ್ಕೆ ಯಾಕೆ ಎಂದರು. ಅಲ್ಲೊಬ್ಬರಿಗೆ ವಿಡಿಯೋ ಇಲ್ಲದಿದ್ದರೆ ಮಾತೇ ಇಲ್ಲ ಎಂದೆ. ಒಬ್ಬರಿಗಾಗಿ ಹಾಕಲಾಗುವುದಿಲ್ಲ ಎಂದರು. ಅವರ ಮಾತು ತಪ್ಪಲ್ಲ, ನಾನೂ ಬೇರೆಯವರಿಗೆ ಅದನ್ನೇ ಹೇಳಿದ್ದೇನೆ. ಗಲ್ಲಿಯ ಮನೆಮನೆಗೂ ಹೋಗಿ ಕೇಳಿಕೊಂಡು ಬಂದೆ. ಮನೆಯಲ್ಲಿ ಸಿಗ್ನಲ್ ಇಲ್ಲವೆಂದು ಆನ್‌ಲೈನ್ ಕ್ಲಾಸಿಗೆ ಟೆರೇಸ್ ಹತ್ತುವ ಹುಡುಗಿ, ಆಟೋ ಬುಕಿಂಗ್ ಹಿಡಿಯಲು ಮೇನ್ ರೋಡಿಗೆ ಹೋಗಿ ನಿಲ್ಲುವವರು, ಮೂಲೆಮನೆಯಲ್ಲಿ ದುಬೈನಲ್ಲಿರುವ ಮಗನಿಗೆ ಟ್ರಾನ್ಸ್‌ಫಾರ್ಮರ್ ಕೆಳಗೆ ನಿಂತೇ ಫೋನ್ ಮಾಡುವ ಒಬ್ಬ ಅಮ್ಮಿಜಾನ್. “ಕ್ಯಾ ಕರೆಂಗೆ ಬೇಟಿ, ಅಭ್ಯಾಸ ಆಗೋಗಿದೆ,” ಎಂದರು ಅವರು. ಎಲ್ಲರನ್ನೂ ಸೇರಿಸಿ ಮತ್ತೆ ಮೇಲಿನವರ ಮುಂದಿಟ್ಟೆ. ಕಡೆಗೆ ಒಪ್ಪಿದರು. ಈ ತಿರುಗಾಟವನ್ನೆಲ್ಲ ಮೊದಲೇ ಮಾಡಬಹುದಿತ್ತು ಎಂಬುದು ಪ್ರತಿ ಬಾಗಿಲಲ್ಲೂ ನನಗೆ ಕಾಣುತ್ತಿತ್ತು.

ಪೆಟ್ಟಿಗೆ ಹಾಕುವ ದಿನ ಹಿರಿಯರೇ ಏಣಿ ಹಿಡಿದುಕೊಂಡು ನಿಂತರು.

ಅಷ್ಟರಲ್ಲಿ ಅಮ್ಮ ಚಿಕ್ಕಜಾಲಕ್ಕೆ ಮರಳಿದ್ದರು. ಗೋಡೆ ಹಿಡಿದು ನಡೆಯುತ್ತಾರೆ. ಬಲಗೈ ಬರಲಿಲ್ಲ. ಬಟ್ಟೆ ಹಿಂಡುವ ಮಾತು, ರೊಟ್ಟಿ ತಟ್ಟುವ ಮಾತು, ಎರಡು ಕೈ ಬೇಕಾದ ಎಲ್ಲ ಮಾತುಗಳನ್ನೂ ಅಮ್ಮ ಮಗಳು ಮತ್ತೆ ಒಂದು ಕೈಗೆ ಕಟ್ಟಿಕೊಳ್ಳುತ್ತಿದ್ದಾರೆ. ಕೆಲವು ಸಿಕ್ಕಿವೆ, ಕೆಲವು ಬಿಟ್ಟೇಹೋಗಿವೆ ಎಂದು ಗಂಡ ಹೇಳಿದ. ಆ ಸಂಜೆ ಏನು ಹೇಳಲು ಹೊರಟಿದ್ದೆ ಎಂದು ಮಗಳು ಇನ್ನೂ ಕೇಳುತ್ತಾಳಂತೆ. ಅಮ್ಮನಿಗೆ ಏನೂ ನೆನಪಿಲ್ಲವಂತೆ.

ನಾನು ಕೊಟ್ಟ ಮಾತಿನಂತೆ ಹೇಳಲು ಹೋದ ಸಂಜೆಯೇ ಕಾಲ್ ಬಂತು. ಆಕೆ ಮೆಷಿನ್ ಮುಂದಿನಿಂದ ಏಳಲೂ ಇಲ್ಲ. ಫೋನನ್ನು ದಾರದ ರೀಲುಗಳಿಗೆ ಒರಗಿಸಿಟ್ಟಳು. ಚಿತ್ರ ನೀರಿನ ಹಾಗೆ ಬಂತು. ಜಗಲಿಯ ಮೇಲೆ ಕೂತ ಅಮ್ಮ, ಹಿಂದೆ ಒಣಹಾಕಿದ ಸೀರೆ, ಅದರ ಅಂಚಿನ ಗೆರೆಗಳು. ಮಡಿಲಲ್ಲಿ ಬಿದ್ದಿದ್ದ ಬಲಗೈಯ ಉಗುರುಗಳು ಕೂಡ ಕಾಣುತ್ತಿದ್ದವು. ಎಡಗೈ ಆಡುತ್ತಿತ್ತು. ಮಾತಿನ ನಡುವೆ ಆ ಎಡಗೈ ಥಟ್ಟನೆ ನಿಂತಿತು. ನಡುಗಿದಂತಾಗಿ ಪಕ್ಕಕ್ಕೆ ಹಾರಿತು.

ಆಕೆ ಎದ್ದುನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು. ಪರದೆಗೆ ಮುಖ ಹಚ್ಚಿ ಕೈಗಳನ್ನು ಜೋರಾಗಿ ಆಡಿಸುತ್ತಾ ಕೇಳತೊಡಗಿದಳು. ಗಂಡ ಆಗಲೇ ಚಪ್ಪಲಿ ಹುಡುಕುತ್ತಿದ್ದ.

“ಅಯ್ಯೋ, ಏನಾಗಿಲ್ಲ ಕಣೇ,” ಎಂದು ಅಮ್ಮನ ದನಿ ಫೋನಿನಿಂದ ಬಂತು. ನಾಲಿಗೆ ಇನ್ನೂ ದಪ್ಪವಾಗಿತ್ತು. ಮಗಳಿಗೆ ಕೇಳದೆಂದು ಗೊತ್ತಿದ್ದರೂ ಅವರು ಯಾವಾಗಲೂ ಬಾಯಲ್ಲೂ ಹೇಳುತ್ತಾರೆ. “ಸೊಳ್ಳೆ ಒಡ್ಕೊಂಡೆ. ಯಾಕಿಂಗೆ ಎದುರ್ಕೋತೀಯ?” ಎಡಗೈಯಿಂದ ಬಲತೋಳನ್ನು ಮತ್ತೊಮ್ಮೆ ಪಟ್ಟೆಂದು ಹೊಡೆದು, ಬೆರಳ ತುದಿಯಲ್ಲಿ ಸತ್ತ ಸೊಳ್ಳೆಯನ್ನು ಪರದೆಗೆ ಹಿಡಿದು ತೋರಿಸಿದರು.

ಸೊಳ್ಳೆ ಕಾಣಿಸಿತು. ಅಷ್ಟು ಸ್ಪಷ್ಟವಾಗಿತ್ತು.

ಆಕೆ ನಗತೊಡಗಿದಳು. ದನಿಯಿಲ್ಲದೆ, ಮೈಯೆಲ್ಲ ಅಲುಗಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಗಂಡನೂ ನಕ್ಕ, ಕುರ್ಚಿ ಎತ್ತಿ ನಿಲ್ಲಿಸಿದ. ಅಮ್ಮ ಪರದೆಯ ಅಂಚಿನಲ್ಲಿ ನನ್ನನ್ನು ಕಂಡು, “ಯಾರವ್ವ ಅದು?” ಎಂದರು.

“ಕಂಬಕ್ಕೆ ನೆಟ್ ಆಕ್ಸ್‌ಕೊಟ್ರಲ್ಲ, ಆ ಮೇಡಂ,” ಎಂದ ಗಂಡ, ಅತ್ತೆಯ ಮಾತಿನ ಧಾಟಿಯಲ್ಲೇ.

ಅಮ್ಮ ಎಡಗೈ ಎತ್ತಿ ಆಶೀರ್ವಾದ ಮಾಡುವ ಹಾಗೆ ಹಿಡಿದರು. “ಒಳ್ಳೇದಾಗ್ಲಿ ತಾಯಿ,” ಎಂದರು. ಆಕೆ ನಗುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು, ಪೆಟ್ಟಿಗೆ ಮೊದಲು ಬೇಕರಿಗೆ ಹೋದದ್ದನ್ನು ಅಮ್ಮನಿಗೆ ಹೇಳಲಿಲ್ಲ. ನಾನು ತಲೆಬಾಗಿ ಕೈ ಮುಗಿದೆ. ಎಷ್ಟು ಹೊತ್ತು ಮುಗಿದುಕೊಂಡೇ ಇದ್ದೆನೆಂದರೆ, ಸಾಕು ಇಳಿಸಿ ಎನ್ನುವಂತೆ ಆಕೆಯೇ ನನ್ನ ಮಣಿಕಟ್ಟು ಮುಟ್ಟಿದಳು.